ಬೆರಳಿಟ್ಟು ಓದಿದ ವರ್ಷ

ಜೂನ್ ತಿಂಗಳಲ್ಲಿ ಹರಿಹರದಿಂದ ದಾವಣಗೆರೆಗೆ ಬರುವ ಸಂಜೆಯ ಬಸ್ಸಿನಲ್ಲಿ ಸೀಟು ಸಿಗುವುದೇ ಅಪರೂಪ. ನಿನ್ನೆ ನನಗೆ ಸಿಕ್ಕಿತ್ತು. ಆದರೆ ಪಕ್ಕದಲ್ಲಿ ನಿಂತಿದ್ದ ಹೆಂಗಸಿನ ಹೆಗಲಲ್ಲಿ ಮಗುವಿನ ಹೊಸ ಸ್ಕೂಲ್ ಬ್ಯಾಗು ತೂಗುತ್ತಿತ್ತು, ಬಸ್ಸು ವಾಲಿದಾಗಲೆಲ್ಲ ಅದು ಬಂದು ನನ್ನ ಮೂಗಿಗೇ ಒತ್ತಿಕೊಳ್ಳುತ್ತಿತ್ತು. ರೆಕ್ಸಿನ್, ಅಂಟು, ಒಳಗಿನ ಹೊಸ ಪುಸ್ತಕ, ಎಲ್ಲ ಸೇರಿದ ಆ ವಾಸನೆ ನಿಮಗೂ ಗೊತ್ತಿರುತ್ತದೆ. ಬಲು ಹಿತವಾದ ವಾಸನೆ ಎಂದು ಮಕ್ಕಳನ್ನು ಕೂರಿಸಿಕೊಂಡು ಓದಿಸದವರು ಹೇಳುತ್ತಾರೆ. ನನಗಂತೂ ಆ ವಾಸನೆ ಬಂದರೆ ಮೊದಲು ಸೊಂಟ ನೋಯುತ್ತದೆ.

ಅಷ್ಟರಲ್ಲಿ ಫೋನಿಗೆ ನನ್ನ ತಂಗಿ ಶೈಲಾಳ ಮೆಸೇಜು ಬಂತು. ಅವಳ ಮನೆ ಪಿ.ಜೆ. ಬಡಾವಣೆಯಲ್ಲಿ. ಅವಳ ಮಗ ತೇಜಸ್ ಈ ವರ್ಷ ಮೂರನೇ ತರಗತಿ. ಪೋಷಕರು ತಿಳಿದಿರಬೇಕಾದ ಸಂಗತಿಗಳು ಎಂದು ಶಾಲೆಯವರು ಕಳಿಸಿದ್ದನ್ನು ನನಗೆ ದಾಟಿಸಿದ್ದಳು. ಉಗುರು ಕತ್ತರಿಸಿ, ಶನಿವಾರ ಬಿಳಿ ಶೂ ಹಾಕಿ, ಪುಸ್ತಕಗಳಿಗೆ ಕಂದು ಬಣ್ಣದ ರಟ್ಟೇ ಹಾಕಿ, ಡಬ್ಬಿಯಲ್ಲಿ ಕುರುಕಲು ಕಳಿಸಬೇಡಿ. ಕೆಳಗೆ ಅವಳದೇ ದನಿಯ ತುಣುಕು: "ಅಕ್ಕ, ಮೂರನೇ ಕ್ಲಾಸ್ ಅಂದ್ರೆ ಭಾಳ ಕಷ್ಟ ಅಂತಾರೆ ಎಲ್ರೂ. ನೀನು ದಾಟಿ ಬಂದೋಳು. ಏನೇನು ನೋಡ್ಕಬೇಕು ಹೇಳು ನಂಗೆ." ಬಸ್ಸಿನ ಗದ್ದಲದಲ್ಲಿ ಏನು ಹೇಳುವುದು? ಮನೆಗೆ ಹೋಗಿ ಫೋನ್ ಮಾಡುತ್ತೇನೆ ಎಂದು ಕಳಿಸಿ ಕಣ್ಣು ಮುಚ್ಚಿದೆ. ನಿದ್ದೆ ಬರಲಿಲ್ಲ.

ನಾನು ದಾಟಿ ಬಂದವಳು ಎನ್ನುವುದೇನೋ ನಿಜ. ನನ್ನ ಮಗಳು ಸಿಂಚನಾ ಈಗ ಡಿಗ್ರಿ ಓದುತ್ತಿದ್ದಾಳೆ, ಅವಳ ಪುಸ್ತಕ ನಾನು ತೆರೆದು ನೋಡಿದರೂ ತಿಳಿಯುವುದಿಲ್ಲ. ಅವಳ ಶಾಲೆಯ ಎಲ್ಲ ವರ್ಷಗಳಲ್ಲಿ ನನ್ನನ್ನು ಹಣ್ಣುಗಾಯಿ ನೀರುಗಾಯಿ ಮಾಡಿದ್ದು ಮಾತ್ರ ಮೂರನೇ ತರಗತಿ, ಹತ್ತನೆಯದಲ್ಲ. ಆಗಲೂ ನಾನು ಈಗಿನಂತೆ ದೇವರಾಜ ಅರಸು ಬಡಾವಣೆಯ ಮನೆಯಿಂದ ಹರಿಹರದ ಆಫೀಸಿಗೆ ದಿನಾ ಓಡಾಡುತ್ತಿದ್ದೆ. ನಮ್ಮವರು ಅಂಗಡಿ ನೋಡಿಕೊಳ್ಳುತ್ತಿದ್ದರು. ಮಗಳು ಯಾವ ಕ್ಲಾಸು ಎಂದು ಯಾರಾದರೂ ಕೇಳಿದರೆ ಅವರು ನನ್ನ ಮುಖ ನೋಡುತ್ತಿದ್ದರು. ಮಗುವನ್ನು ಹಗಲೆಲ್ಲ ನೋಡಿಕೊಂಡವರು ನಮ್ಮ ಅತ್ತೆ.

ಅತ್ತೆಯ ಬಗ್ಗೆ ನಿಮಗೆ ಸ್ವಲ್ಪ ಹೇಳಬೇಕು. ಬೆಳಿಗ್ಗೆ ಸ್ನಾನ, ವಿಭೂತಿ, ಲಿಂಗಪೂಜೆ ಮುಗಿಸಿ, ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ವಚನದ ಪುಸ್ತಕವನ್ನು ತೊಡೆಯ ಮೇಲೆ ಬಿಚ್ಚಿಕೊಂಡು ಕೂರುತ್ತಿದ್ದರು. ಸಾಲಿನ ಕೆಳಗೆ ತೋರುಬೆರಳು ಮೆಲ್ಲಗೆ ಸರಿಯುತ್ತಿತ್ತು, ದನಿ ಅದರ ಜೊತೆಗೇ ಹೋಗುತ್ತಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಬಾಯಿಪಾಠ ಮಾಡಿಸುತ್ತಿದ್ದರು. ಶ್ರಾವಣದಲ್ಲಿ ನಮ್ಮ ಕಡೆ ಬಂಧುಬಳಗದವರು ಒಬ್ಬೊಬ್ಬರ ಮನೆಯಲ್ಲಿ ಸೇರಿ ವಚನ ಹೇಳಿ ಪ್ರಸಾದ ಮಾಡುವುದು ರೂಢಿ. ಅಲ್ಲೆಲ್ಲ ನನ್ನ ಮಗಳದೇ ದರ್ಬಾರು. ಮಾತು ಪೂರ್ತಿ ತಿರುಗುವ ಮೊದಲೇ ಅವಳಿಗೆ ವಚನ ತಿರುಗಿತ್ತು. ಮನೆಗೆ ಯಾರೇ ಬರಲಿ, "ಕೂಸೇ, ಒಂದು ವಚನ ಹೇಳವ್ವಾ" ಎನ್ನುತ್ತಿದ್ದರು ಅತ್ತೆ. ಗ್ಯಾಸ್ ಸಿಲಿಂಡರ್ ತಂದವನೂ ಒಂದು ವಚನ ಕೇಳಿಯೇ ಗೇಟು ದಾಟಬೇಕಿತ್ತು.

ಒಂದು, ಎರಡನೇ ತರಗತಿ ಹೂವು ಎತ್ತಿದಷ್ಟು ಸಲೀಸಾಗಿ ಮುಗಿದವು. ಪಾಠ ತೆರೆದು ಕೊಟ್ಟರೆ ಮಗು ಬೆರಳಿಟ್ಟು ನೀರು ಕುಡಿದಂತೆ ಓದುತ್ತಿತ್ತು. ಬಸ್ಸಿನಲ್ಲಿ ನುಗ್ಗಾಗಿ ಬರುತ್ತಿದ್ದ ನನಗೆ ಅದೇ ದೊಡ್ಡ ಪುಣ್ಯ ಅನ್ನಿಸುತ್ತಿತ್ತು. ಆಫೀಸಿನಲ್ಲಿ ಬೇರೆ ತಾಯಂದಿರು ಮಕ್ಕಳ ಹೋಂವರ್ಕ್ ಗೋಳು ತೋಡಿಕೊಂಡಾಗ ನಾನು ಗಂಭೀರವಾಗಿ ಸಲಹೆ ಕೊಡುತ್ತಿದ್ದೆ.

ಮೂರನೇ ತರಗತಿ ಶುರುವಾಗಿ ತಿಂಗಳಾಗಿರಬೇಕು, ಕ್ಲಾಸ್ ಮಿಸ್ ಕರೆಸಿದರು. ಅರ್ಧ ದಿನ ರಜೆ ಹಾಕಿ ಹೋದೆ. ಏನೋ ಸ್ಪರ್ಧೆಗೆ ಕಳಿಸಬೇಕು ಅಂತಿರಬಹುದು ಎಂದು ಒಳ್ಳೆಯ ಸೀರೆ ಉಟ್ಟಿದ್ದೆ.

"ನಿಮ್ಮ ಮಗಳಿಗೆ ಓದೋಕೆ ಬರಲ್ಲ ಮೇಡಂ," ಎಂದರು.

ನಾನು ನಕ್ಕೆ. ಮಿಸ್ ನಗಲಿಲ್ಲ. "ನೋಡ್ರಿ ಮೇಡಂ, ಪಾಠದ ನಡುವಿನ ಒಂದು ಪದ ತೋರಿಸಿ ಏನಿದು ಅಂದ್ರೆ, ಮೊದಲಿನಿಂದ ಬಾಯೊಳಗೇ ಹೇಳ್ಕೊಂಡು ಬರ್ತಾಳೆ. ಆ ಪದ ಬಂದಾಗ ಜೋರಾಗಿ ಹೇಳ್ತಾಳೆ. ಇಲ್ಲೀತನಕ ಪಾಠ ಸಣ್ಣವು, ಕೇಳಿ ಕೇಳೇ ಬಾಯಿಗೆ ಬಂದ್ಬಿಡ್ತಿದ್ವು. ಈ ವರ್ಷದಿಂದ ಉದ್ದುದ್ದ ಇರ್ತವೆ. ಲೆಕ್ಕದಾಗೂ ಪ್ರಶ್ನೆ ಓದಿ ತಿಳ್ಕಬೇಕು. ಮೂರನೇ ಕ್ಲಾಸಿನಾಗೇ ಇದು ಬೆಳಕಿಗೆ ಬರೋದು. ಸ್ವಲ್ಪ ದಿನ ಬಾಯಿಪಾಠ ನಿಲ್ಲಿಸ್ರಿ."

ನನಗೆ ನಂಬಿಕೆ ಬರಲಿಲ್ಲ. ಮಗಳ ಕೈ ಹಿಡಿದು ಮನೆಗೆ ನಡೆದು ಬರುವಾಗ ದಾರಿಯ ಬೋರ್ಡುಗಳನ್ನು ಓದಿಸಿದೆ. ಮೆಡಿಕಲ್ಸ್ ಎಂದಳು, ಬೇಕರಿ ಎಂದಳು, ಎಲ್ಲ ಸರಿ. ನನ್ನ ಎದೆ ಸ್ವಲ್ಪ ಹಗುರಾಯಿತು. ತಿರುವಿನಲ್ಲಿ ಯಾರೋ ಹೊಸದಾಗಿ ಬೋರ್ಡು ಹಾಕಿದ್ದರು, ಅದರ ಮೇಲೆ ಹೊಲಿಗೆ ಯಂತ್ರದ ಚಿತ್ರವಿತ್ತು. ಅದನ್ನು ತೋರಿಸಿದೆ. ಚಿತ್ರ ನೋಡಿ, "ಟೈಲರ್ ಅಂಗಡಿ" ಎಂದಳು. ಅಲ್ಲಿ ಬರೆದಿದ್ದದ್ದು 'ಇಲ್ಲಿ ಹಳೆಯ ಮೆಷಿನ್ ಕೊಳ್ಳಲಾಗುತ್ತದೆ' ಎಂದು. ನಾನು ರಸ್ತೆಯ ಬದಿಯಲ್ಲೇ ನಿಂತುಬಿಟ್ಟೆ.

ಮನೆಗೆ ಬಂದು, "ಓದಾಕ ಬರಲ್ಲ ಅಂತ ನಂಗೆ ಯಾಕೆ ಹೇಳಲಿಲ್ಲ ನೀನು?" ಎಂದು ಗದರಿದೆ. ಅವಳು ಅಳಲಿಲ್ಲ. ನನಗೆ ತಲೆಕೆಟ್ಟಿದೆ ಎಂಬಂತೆ ನೋಡಿದಳು. "ಓದ್ತೀನಲ್ಲಮ್ಮ. ಅಜ್ಜಿನೂ ಹಿಂಗೇ ಅಲ್ವಾ ಓದೋದು?"

ಮರುದಿನ ಬೆಳಿಗ್ಗೆ ಚಪಾತಿ ಲಟ್ಟಿಸುತ್ತ ಅಡಿಗೆಮನೆಯ ಬಾಗಿಲಿನಿಂದ ಅತ್ತೆಯನ್ನು ನೋಡಿದೆ. ಅಷ್ಟು ವರ್ಷ ದಿನಾ ಕಂಡದ್ದೇ, ಆದರೆ ನೋಡಿದ್ದು ಅಂದೇ. ಫ್ಯಾನಿನ ಗಾಳಿಗೆ ಪುಸ್ತಕದ ಹಾಳೆಗಳು ಮಗುಚಿ ಹಿಂದಕ್ಕೆ ಹೋದವು. ಅತ್ತೆ ತಡೆಯಲಿಲ್ಲ, ಹುಡುಕಲಿಲ್ಲ. ಬೆರಳು ಆ ಬೇರೆ ಪುಟದ ಮೇಲೇ ಸರಿಯಿತು. ವಚನ ಒಂದು ಅಕ್ಷರ ತಪ್ಪದೆ ಮುಂದುವರಿಯಿತು.

ಹರಿಹರದ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದ್ದೇನೆ ಎಂದು ಅತ್ತೆ ಎಲ್ಲರಿಗೂ ಹೇಳುತ್ತಿದ್ದರು. ಅವರ ಮಗನೂ, ವಯಸ್ಸಿನಲ್ಲಿ ತೀರ ಚಿಕ್ಕವರಾದ ಅವರ ತಮ್ಮನೂ ಅದನ್ನೇ ನಂಬಿದ್ದರು. ನನ್ನ ಮಗಳು ಯಾರಿಗೂ ಮೋಸ ಮಾಡಿರಲಿಲ್ಲ. ಓದುವುದೆಂದರೆ ಇದೇ, ಮೊದಲು ಬಾಯಿಗೆ ಬರಬೇಕು, ಆಮೇಲೆ ಪುಸ್ತಕದ ಮೇಲೆ ಬೆರಳಿಡಬೇಕು ಎಂದು ತಾನು ಕಂಡಂತೆ ಕಲಿತಿದ್ದಳು. ಅತ್ತೆಗೆ ಅಕ್ಷರ ಬಾರದು ಎಂಬ ಮಾತನ್ನು ನಾನು ಯಾರಿಗೂ ಹೇಳಲಿಲ್ಲ, ನಮ್ಮವರಿಗೂ. ಅತ್ತೆ ಈಗ ಇಲ್ಲ, ಅದಕ್ಕೇ ನಿಮ್ಮ ಮುಂದೆ ಬಾಯಿಬಿಡುತ್ತಿದ್ದೇನೆ.

ಆದರೆ ಬಾಯಿಪಾಠ ನಿಲ್ಲಿಸಬೇಕಲ್ಲ? "ಅತ್ತೆ, ಸ್ವಲ್ಪ ದಿನ ಅವಳಿಗೆ ವಚನ ಹೇಳಿಕೊಡಬ್ಯಾಡ್ರಿ. ಮಿಸ್ ಬ್ಯಾಡ ಅಂದಾರೆ. ಅವಳಿಗೆ ಓದು ಬರಲ್ವಂತೆ," ಎಂದೆ, ಆದಷ್ಟು ಮೆತ್ತಗೆ.

"ಓದು ಬರಲ್ಲ ಅಂದ್ರೇನು? ಗಳಗಳ ಹೇಳ್ತೈತೆ ನನ್ನ ಕೂಸು! ಆಯಮ್ಮಗ ಏನ್ ಗೊತ್ತು?" ಎಂದವರು, ಸ್ವಲ್ಪ ತಡೆದು, "ಆಗ್ಲಿ ಬಿಡವ್ವಾ. ನಿಮಗೆ ಬ್ಯಾಡ ಅಂದ್ರೆ ನಂಗೂ ಬ್ಯಾಡ," ಎಂದು ಕೋಣೆಗೆ ಹೋದರು. ಸಂಜೆ ದೀಪ ಹಚ್ಚಿ ಒಬ್ಬರೇ ಕೂರತೊಡಗಿದರು. ಮೊಮ್ಮಗಳನ್ನು ಕರೆಯುತ್ತಿರಲಿಲ್ಲ.

ಆ ತಿಂಗಳ ಸಂಜೆಗಳನ್ನು ನೆನೆದರೆ ಈಗಲೂ ಸುಸ್ತಾಗುತ್ತದೆ. ಬಸ್ಸಿಳಿದು ಬಂದು, ಅನ್ನಕ್ಕಿಟ್ಟು, ಮಗುವನ್ನು ಓದಲು ಕೂರಿಸಿಕೊಳ್ಳುವುದು. ಅವಳು ಒಂದು ಒತ್ತಕ್ಷರದ ಮುಂದೆ ನಿಂತರೆ ಮುಗಿಯಿತು, ಎತ್ತು ಏರು ಹತ್ತಲಾರದೆ ನಿಂತ ಹಾಗೆ. ನನಗೆ ಕಾಯುವ ತ್ರಾಣ ಎಲ್ಲಿತ್ತು? ಪದವನ್ನು ನಾನೇ ಹೇಳಿಬಿಡುತ್ತಿದ್ದೆ. ಅವಳು ಅದನ್ನು ಕೇಳಿಸಿಕೊಂಡು ಜಾಣೆಯಂತೆ ಬಾಯಿಪಾಠ ಮಾಡಿಬಿಡುತ್ತಿದ್ದಳು. ನಾನು ರೇಗುತ್ತಿದ್ದೆ, ಅವಳು ಅಳುತ್ತಿದ್ದಳು. ಬೆಳಿಗ್ಗೆ ಹೊಟ್ಟೆನೋವು, ಶಾಲೆಗೆ ಬರಲ್ಲ ಎಂಬ ಹಟ. ಮನೆಗೆ ಬಂದವರು ವಚನ ಹೇಳು ಎಂದರೆ ಬಾಗಿಲ ಹಿಂದೆ ಸರಿಯುತ್ತಿದ್ದಳು. ಓದು ಬರದಿದ್ದರೆ ಇಂದಲ್ಲ ನಾಳೆ ಬರುತ್ತದೆ, ಆದರೆ ನನ್ನ ಹುಡುಗಿಯ ಧೈರ್ಯವೇ ಹೋಯಿತಲ್ಲ ಎಂದು ನನಗೆ ನಿಜವಾಗಿ ಹೆದರಿಕೆಯಾಯಿತು.

ಅಷ್ಟರಲ್ಲಿ ಶ್ರಾವಣ ಬಂತು. ಆ ಸಲ ಹರಿಹರದಲ್ಲಿ ಅತ್ತೆಯ ತಮ್ಮನ ಮನೆಯಲ್ಲಿ ಸೇರುವುದೆಂದಾಯಿತು. ಪಡಸಾಲೆಯ ತುಂಬ ಜನ. ಅತ್ತೆಯ ತಮ್ಮ ದಪ್ಪನೆಯ ಹೊಸ ಪುಸ್ತಕವೊಂದನ್ನು ತಂದು, ನಡುವಿನ ಪುಟ ತೆಗೆದು ಅಕ್ಕನ ಕೈಗಿಟ್ಟರು. "ಅಕ್ಕಾ, ಪ್ರತಿ ವರ್ಷ ಹೇಳಿದ್ದೇ ಹೇಳ್ತೀವಿ. ಈ ಸರ್ತಿ ಹೊಸವು ಓದಾನು. ದೊಡ್ಡಾಕಿ ನೀನು, ನೀನೇ ಶುರು ಮಾಡು."

ಅತ್ತೆ ಕನ್ನಡಕ ಎಲ್ಲಿ ಎಂದು ಹುಡುಕಿದರು. ಕನ್ನಡಕ ಮೂಗಿನ ಮೇಲೇ ಇತ್ತು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಾನು ಎದ್ದು ಪುಸ್ತಕ ತೆಗೆದುಕೊಂಡರೆ ಸೊಸೆ ಹಿರಿಯರನ್ನು ಮೀರಿ ಮುಂದೆ ಹೋದಂತೆ. ಸುಮ್ಮನಿದ್ದರೆ ಅತ್ತೆಯ ಮಾನ ತಮ್ಮನ ಮನೆಯಲ್ಲೇ ಹೋಗುತ್ತದೆ. ಹೀಗೆ ನಾನು ಒದ್ದಾಡುತ್ತಿದ್ದಾಗ, ಪಕ್ಕದಲ್ಲಿ ನನ್ನ ಸೆರಗು ಹಿಡಿದು ಕೂತಿದ್ದ ಸಿಂಚನಾ ಎದ್ದಳು. ಹೋಗಿ ಅಜ್ಜಿಯ ತೊಡೆಗೆ ಒತ್ತಿ ಕೂತು ಸಾಲಿನ ಕೆಳಗೆ ಬೆರಳಿಟ್ಟಳು. "ಅಜ್ಜಿ, ನಾನು ಓದ್ತೀನಿ. ನೀನು ಹೇಳು," ಎಂದಳು.

ಹಿಂದಿನ ವರ್ಷ ಅದೇ ಜನರ ಮುಂದೆ ಅರಳು ಹುರಿದಂತೆ ಹೇಳಿದ್ದ ಹುಡುಗಿ ಅಕ್ಷರ ಅಕ್ಷರ ಕೂಡಿಸಿಕೊಂಡು ಓದಿದಳು. ಒಂದು ಸಾಲಾದ ಮೇಲೆ ಅತ್ತೆ ಅದನ್ನೇ ರಾಗವಾಗಿ ಹೇಳಿದರು. ಮೂರನೆಯ ಸಾಲಿನಲ್ಲಿ ಒಂದು ಒತ್ತಕ್ಷರ ಅಡ್ಡ ಬಂತು. ಮಗು ನಿಂತಿತು. ಹಿಂದೆ ಯಾರೋ ಹೆಂಗಸು ಹೇಳಿಕೊಡಲು ಬಗ್ಗಿದಾಗ ಅತ್ತೆ ಕೈಯೆತ್ತಿ ತಡೆದರು. ಅವರ ತಮ್ಮ, "ಏನಕ್ಕಾ, ಹೋದ್ವರ್ಷ ಪಟಪಟ ಹೇಳ್ತಿತ್ತು ಕೂಸು. ಈ ವರ್ಷ ಹಿಂಗ್ಯಾಕೆ ತಡವರಿಸ್ತೈತೆ?" ಎಂದರು.

"ಹೋದ್ವರ್ಷ ಹೇಳ್ತಿತ್ತಪ್ಪ. ಈ ವರ್ಷ ಓದಾಕತ್ತೈತೆ," ಎಂದರು ಅತ್ತೆ. "ಸುಮ್ನೆ ಕೇಳ್ರಿ."

ಮಗು ಆ ಪದ ದಾಟಿತು. ಅಜ್ಜಿಯ ಕಷ್ಟ ತಿಳಿದು ಎದ್ದು ಹೋದಳೋ, ಅಜ್ಜಿಯ ಪಕ್ಕ ಕೂರುವ ಆಸೆಗೆ ಹೋದಳೋ, ನಾನು ಇವತ್ತಿಗೂ ಕೇಳಿಲ್ಲ. ವಾಪಸು ಬರುವಾಗ ಅತ್ತೆ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ನಾಳೆಯಿಂದ ಕೂಸು ನನ್ನ ಹತ್ರ ಕೂತು ಓದ್ಲಿ. ನೀನು ಒಂದೀಟು ಬೆನ್ನು ಚಾಚು," ಎಂದರು.

ಆ ವರ್ಷವೆಲ್ಲ ಸಂಜೆ ಹಾಗೇ ನಡೆಯಿತು. ಪಾಠ ಯಾವುದೇ ಇರಲಿ, ಅತ್ತೆ ಗೋಡೆಗೊರಗಿ ಕೇಳುತ್ತಿದ್ದರು. ಮಗು ತಡವರಿಸಿದರೆ ಕಾಯುತ್ತಿದ್ದರು. ಮನೆಯಲ್ಲಿ ಹೇಳಿಕೊಡಲು ಬಾರದವರು ಅವರೊಬ್ಬರೇ. ಅವರ ಹತ್ತಿರವೇ ಮಗಳು ಓದು ಕಲಿತಳು. ವರ್ಷದ ಕೊನೆಗೆ ಶೇಂಗಾ ಕಟ್ಟಿಕೊಟ್ಟಿದ್ದ ಪೇಪರಿನ ತುಂಡನ್ನೂ ಬಿಡದೆ ಓದುತ್ತಿದ್ದಳು. ಅತ್ತೆಗೆ ನಾವು ಅಕ್ಷರ ಕಲಿಸಲು ಹೋಗಲಿಲ್ಲ, ಅವರೂ ಕೇಳಲಿಲ್ಲ. ಅವರದು ಅಪಾರ ತಾಳ್ಮೆ ಎಂದುಕೊಂಡು, ನನಗಿಲ್ಲವಲ್ಲ ಎಂದು ನಾಚಿಕೊಂಡು, ನಾನು ಬೆನ್ನು ಚಾಚುತ್ತಿದ್ದೆ.

ನಿನ್ನೆ ಮನೆ ಸೇರಿ, ಮುಖ ತೊಳೆದು ಶೈಲಾಳಿಗೆ ಫೋನ್ ಮಾಡಿದೆ. ಶಾಲೆಯವರು ಹೇಳಿದ್ದನ್ನೆಲ್ಲ ಮಾಡು, ಅದರ ಮೇಲೆ ಸಂಜೆ ಅವನು ಜೋರಾಗಿ ಓದಲಿ, ನೀನು ಪಕ್ಕದಲ್ಲಿ ಕೂತಿರು, ನಡುವೆ ಬಾಯಿ ಹಾಕಬೇಡ ಎಂದೆ.

"ಎಷ್ಟೊತ್ತಂತ ಕಾಯ್ಲಿ ಅಕ್ಕ? ನಂಗೂ ಸಾಕಾಗಿರುತ್ತಲ್ಲ."

"ಸಾಕಾಗೇ ಇರುತ್ತೆ. ಅಲ್ಲೇ ಕೂತು ಸಾಕಾಗು."

ಅವಳು ಗೊಣಗುತ್ತ ಫೋನನ್ನು ಸ್ಪೀಕರಿಗೆ ಹಾಕಿ ಮಗನನ್ನು ಕರೆದಳು. "ದೊಡ್ಡಮ್ಮಂಗೆ ಓದಿ ತೋರ್ಸು." ತೇಜಸ್ ಯಾವುದೋ ಕತೆ ಶುರು ಮಾಡಿದ. ಒಂದು ಆಮೆ, ಒಂದು ಬಾವಿ. ನಾನು ದಿವಾನದ ಮೇಲೆ ಕಾಲು ಚಾಚಿ ಕೂತಿದ್ದೆ, ಕಣ್ಣು ಎಳೆಯುತ್ತಿತ್ತು. ಆಮೆ ಬಾವಿಯೊಳಗೆ ಬಗ್ಗಿ ನೋಡಿತಂತೆ, ಅಲ್ಲಿ ಅದಕ್ಕೆ ಕಂಡದ್ದು ಎಂದವನು ನಿಂತುಬಿಟ್ಟ. ಶೈಲಾ ಉಸಿರು ಬಿಗಿಹಿಡಿದು ಸುಮ್ಮನಿದ್ದದ್ದು ನನಗೆ ಇಲ್ಲಿಯವರೆಗೆ ಕೇಳಿಸಿತು. ಅವನು ಮೊದಲ ಅಕ್ಷರ ಹೇಳಿದ, ಬಿಟ್ಟ, ಮತ್ತೆ ಹಿಡಿದ.

ಪುಸ್ತಕ ನನ್ನ ಮುಂದಿರಲಿಲ್ಲ. ಹೇಳಿಕೊಡೋಣವೆಂದರೂ ನನಗೆ ಗೊತ್ತಿರಲಿಲ್ಲ. ನಾನು ಎದ್ದು ಕೂತಿದ್ದೆ, ಫೋನನ್ನು ಕಿವಿಗೆ ಒತ್ತಿಕೊಂಡಿದ್ದೆ. ಅತ್ತೆಯದು ತಾಳ್ಮೆಯಲ್ಲ ಎಂದು ಆಗ ತಿಳಿಯಿತು. ಗೋಡೆಗೊರಗಿ ಕೂತ ಅವರಿಗೆ ಆ ಸಾಲಿನಲ್ಲಿ ಮುಂದೆ ಏನಿದೆ ಎಂದು ತಿಳಿಯಲು ಮನೆಯಲ್ಲಿದ್ದ ದಾರಿ ಒಂದೇ, ಆ ಮಗುವಿನ ಬಾಯಿ. ನಾನೂ ಕಾಯುತ್ತಿದ್ದೆ. ಬಾವಿಯಲ್ಲಿ ಏನು ಕಂಡಿತು ಎಂದು ನನಗೆ ನಿಜವಾಗಿಯೂ ಬೇಕಾಗಿತ್ತು.