ಲಿಯೋಟಳ ಮನೆ ಖರ್ಚು

ಲಿಯೋಟ ಕ್ರೋಕರ್ ಸುಳ್ಳು ಹೇಳುವ ಹೆಂಗಸಲ್ಲ. ಚರ್ಚಿನ ಊಟದಲ್ಲಿ ಪಾದ್ರಿಯ ಹೆಂಡತಿ ಮಾಡಿ ತಂದ, ಹಣ್ಣು ತುಂಬಿದ ಪೈ ಬೆಂದಿಲ್ಲವೆಂದು ಪಾದ್ರಿಯ ಎದುರಿಗೇ ಹೇಳಿದವಳು. ಇಡೀ ಬಾಳಿನಲ್ಲಿ ಅವಳು ಹೇಳಿದ್ದು ಒಂದೇ ಒಂದು ಸುಳ್ಳು. ಆದರೆ ಅದನ್ನು ಮೂವತ್ತೊಂದು ವರ್ಷ, ತಿಂಗಳಿಗೊಂದು ಸಲ, ನೀಲಿ ಶಾಯಿಯಲ್ಲಿ, ದುಂಡಗಿನ ಅಕ್ಷರದಲ್ಲಿ ಬರೆದಳು.

ಅದು ಶುರುವಾದದ್ದು ಸಾವಿರದ ಒಂಬೈನೂರ ಅರವತ್ತಾರರಲ್ಲಿ. ಒಕ್ಲಹೋಮಾದ ಆ ಬಯಲಲ್ಲಿ ಗೋಧಿಯನ್ನು ಯಾರು ಬೇಕಾದರೂ ಬೆಳೆಯುತ್ತಾರೆ. ಗಂಡಸಾದವನು ದನ ಸಾಕಬೇಕು. ಅವಳ ಗಂಡ ವೆಲ್ಡನ್‌ಗೆ ಗೋಧಿ ಒಲಿದಿತ್ತು, ದನ ಒಲಿದಿರಲಿಲ್ಲ. "ನಿನ್ನ ಕೈಗೆ ದನ ಹತ್ತಲ್ಲ ಕಣೋ, ಬಿಟ್ಟುಬಿಡು" ಎಂದು ಅವನ ಅಪ್ಪ ಎಲ್ಲರೂ ಊಟಕ್ಕೆ ಕೂತಿದ್ದಾಗ ಅಂದುಬಿಟ್ಟಿದ್ದ. ವೆಲ್ಡನ್ ಮರುವಾರವೇ ನಲವತ್ತು ಹಸು ಕೊಂಡುತಂದ. ಹೊಸ ವರ್ಷದ ದಿನ ಆ ಮುದುಕ ಮಗನ ಮನೆಗೆ ಬಂದು, ಕಾಫಿ ಕುಡಿದು, ಲೆಕ್ಕದ ಪುಸ್ತಕವನ್ನು ತಿರುವಿ ಹಾಕುವುದು ವಾಡಿಕೆ.

ಡಿಸೆಂಬರಿನಲ್ಲಿ ಲಿಯೋಟ ಕೂಡಿಸಿ ನೋಡಿದಳು. ಹಸುಗಳು ಕೊಟ್ಟದ್ದಕ್ಕಿಂತ ತಿಂದದ್ದೇ ಹೆಚ್ಚು. ಮಾವ ಈ ಪುಟವನ್ನು ನೋಡುತ್ತಾನೆ, ವೆಲ್ಡನ್ ತಲೆ ತಗ್ಗಿಸುತ್ತಾನೆ. ಅದನ್ನು ನೋಡಲು ಅವಳು ತಯಾರಿರಲಿಲ್ಲ.

ಅವರು ಸಾಮಾನು ತರುತ್ತಿದ್ದದ್ದೆಲ್ಲ ರೈತರ ಸಹಕಾರ ಸಂಘದಿಂದ. ದನದ ಹಿಂಡಿ, ಡೀಸೆಲ್, ಟೈರು, ಮನೆಗೆ ಗ್ಯಾಸು, ಕೈಗವಸು, ಕಾಫಿಪುಡಿ ಎಲ್ಲವೂ ಅಲ್ಲೇ, ಎಲ್ಲಕ್ಕೂ ಸೇರಿ ತಿಂಗಳಿಗೊಂದೇ ಬಿಲ್ಲು. ಸಾಮಾನಿನ ಚೀಟಿಗಳನ್ನು ನೋಡಿ ಅದನ್ನು ಒಡೆದು, ಇಷ್ಟು ದನಕ್ಕೆ, ಇಷ್ಟು ಗೋಧಿಗೆ, ಇಷ್ಟು ಮನೆಗೆ ಎಂದು ಹಂಚಿ ಬರೆಯುವವಳು ಲಿಯೋಟ. ಆ ಮಧ್ಯಾಹ್ನ ಅವಳು ಮುನ್ನೂರ ನಲವತ್ತು ಡಾಲರಿನ ಹಿಂಡಿಯನ್ನು ದನದಿಂದ ಎತ್ತಿ ಮನೆ ಖರ್ಚಿಗೆ ಹಾಕಿದಳು. ಈ ಒಂದು ವರ್ಷ ಮಾತ್ರ ಅಂದುಕೊಂಡಳು. ಮುದುಕ ಪುಸ್ತಕ ನೋಡಿ "ಹೂಂ" ಅಂದ. ವೆಲ್ಡನ್ ಅವತ್ತು ಎರಡು ತುಂಡು ಪೈ ತಿಂದ.

ಮುದುಕ ಎಪ್ಪತ್ನಾಲ್ಕನೇ ಇಸವಿಯಲ್ಲಿ ತೀರಿಕೊಂಡ. ಸುಳ್ಳು ಗಟ್ಟಿಮುಟ್ಟಾಗಿಯೇ ಇತ್ತು. ನಲವತ್ತು ಹಸು ತೊಂಬತ್ತಾದವು, ಹಿಂಡಿಯ ಲೆಕ್ಕ ಸಾವಿರಗಳಿಗೆ ಏರಿತು, ಎಲ್ಲವೂ ಮನೆ ಖರ್ಚಿಗೇ ಬಿತ್ತು. ದನದ ಹಿಂಡಿಗೆ ತೆರಿಗೆಯಲ್ಲಿ ವಿನಾಯಿತಿ ಇದೆ, ಮನೆ ಖರ್ಚಿಗೆ ಇಲ್ಲ. ಸರ್ಕಾರಕ್ಕೆ ಮೋಸ ಮಾಡಿದವರು ಆ ಊರಲ್ಲಿ ಬೇಕಾದಷ್ಟು ಮಂದಿ. ಮೋಸ ಮಾಡಿ ಸರ್ಕಾರವನ್ನೇ ಸಾಕಿದವಳು ಇವಳೊಬ್ಬಳೇ. ಹೀಗೆ ಹೆಚ್ಚಿಗೆ ಕಟ್ಟಿದ ತೆರಿಗೆಯ ಕೊರತೆ ತುಂಬಲು ಮೊಟ್ಟೆ ಮಾರಿದಳು, ಒಂದೇ ಬೂದು ಕೋಟಿನಲ್ಲಿ ಹದಿನೇಳು ಚಳಿಗಾಲ ಕಳೆದಳು. ವೆಲ್ಡನ್ ಪುಸ್ತಕ ಮುಟ್ಟುತ್ತಿರಲಿಲ್ಲ. ಯಾರಾದರೂ ಕೇಳಿದರೆ "ಲೆಕ್ಕ ಎಲ್ಲಾ ಲಿಯೋಟ ನೋಡ್ಕೋತಾಳೆ, ದನ ನಾನು ನೋಡ್ಕೋತೀನಿ" ಅನ್ನುತ್ತಿದ್ದ.

ತೊಂಬತ್ತೆಂಟರ ಜನವರಿಯಲ್ಲಿ ಬ್ಯಾಂಕಿನವರು ಇನ್ನು ಮೇಲೆ ಕಂಪ್ಯೂಟರಿನ ಲೆಕ್ಕ ತನ್ನಿ ಅಂದರು. ಕೃಷಿ ವಿಸ್ತರಣಾ ಕಚೇರಿ ಆರು ಗುರುವಾರಗಳ ತರಗತಿ ಇಟ್ಟಿತು. ಕಲಿಸುವವಳು ಟ್ರೂಡಿ, ಇಪ್ಪತ್ತಾರರ ಹುಡುಗಿ. ಲಿಯೋಟ ಎಲ್ಲರಿಗಿಂತ ಬೇಗ ಕಲಿತಳು. ಹಿಂದಿನ ವರ್ಷದ ಪುಸ್ತಕವನ್ನು ಇದ್ದಂತೆಯೇ ಕಂಪ್ಯೂಟರಿಗೆ ಏರಿಸಿ ತನ್ನಿ ಎಂದು ಟ್ರೂಡಿ ಮನೆಗೆಲಸ ಕೊಟ್ಟಳು.

ಹಿಂಡಿಯನ್ನು ದನದ ತಲೆಗೇ ಕಟ್ಟಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಲಿಯೋಟಳಿಗೂ ಅದು ಹೊಳೆಯಿತು. ಆದರೆ ಪುಸ್ತಕದಲ್ಲಿ ಇರುವುದನ್ನು ಬದಲಿಸಿ ಏರಿಸುವುದು ಮೋಸವಲ್ಲವೇ ಅನಿಸಿತು ಆ ಪ್ರಾಮಾಣಿಕ ಹೆಂಗಸಿಗೆ. ಇದ್ದಂತೆಯೇ ಏರಿಸಿದಳು.

ಕೊನೆಯ ಗುರುವಾರ ಗಂಡಂದಿರನ್ನೂ ಕರೆದಿದ್ದರು. ವೆಲ್ಡನ್ ಭಾನುವಾರದ ಅಂಗಿ ತೊಟ್ಟು ಬಂದ. ಟ್ರೂಡಿ ಒಂದು ಗುಂಡಿ ಒತ್ತಿದಳು. ವರ್ಷದ ಖರ್ಚೆಲ್ಲ ಬಣ್ಣಬಣ್ಣದ ಹೋಳುಗಳಾಗಿ ಒಂದು ಚಕ್ರ ಮುದ್ರಣವಾಗಿ ಹೊರಬಂತು. ಅದರಲ್ಲಿ ಅರ್ಧ ಕೆಂಪು.

"ಈ ಕೆಂಪು ಏನಮ್ಮಾ? ಡೀಸೆಲ್ಲಾ?" ವೆಲ್ಡನ್ ಕೇಳಿದ.

"ಅಲ್ಲ ಸಾರ್, ಮನೆ ಖರ್ಚು. ನಲವತ್ತೊಂದು ಸಾವಿರ." ಟ್ರೂಡಿಯ ದನಿ ಇಳಿಯಿತು. "ಇಲ್ಲಿನ ಮನೆಗಳಲ್ಲಿ ಸಾಮಾನ್ಯವಾಗಿ ಇಷ್ಟು ಆಗಲ್ಲ. ದನಗಳದ್ದು ನೋಡಿ, ಎಷ್ಟು ಸಣ್ಣ ಹೋಳು! ತುಂಬಾ ಚೆನ್ನಾಗಿ ಸಾಕಿದೀರ."

ವೆಲ್ಡನ್ ಹೆಂಡತಿಯ ಬೂದು ಕೋಟನ್ನು ನೋಡಿದ. ಕಾಗದ ಮಡಿಸಿ ಜೇಬಿಗಿಟ್ಟುಕೊಂಡ. 

ಮರುದಿನ ಸಂಘದಲ್ಲಿ ಗಂಡಸರು ಕಾಫಿಯ ಕಾಸು ಯಾರು ಕೊಡಬೇಕೆಂದು ದಾಳ ಉರುಳಿಸುತ್ತಿದ್ದಾಗ ಅವನು ಮೆಲ್ಲಗೆ ಕೇಳಿದ: "ನಿಮ್ಮ ಮನೇಲಿ ಹೆಂಗಸರು ವರ್ಷಕ್ಕೆ ಎಷ್ಟು ಖರ್ಚು ಮಾಡ್ತಾರಪ್ಪಾ?" ಅಷ್ಟು ಸಾಕಾಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಊರಿಗೆಲ್ಲ ಸುದ್ದಿ. ಟೀವಿಯಲ್ಲಿ ತೋರಿಸುವ ಉಂಗುರ ತರಿಸುತ್ತಾಳಂತೆ ಅಂದರು ಕೆಲವರು. ವಿಚಿಟಾ ಪಟ್ಟಣದ ತಂಗಿಗೆ ದುಡ್ಡು ಕಳಿಸುತ್ತಾಳೆ ಅಂದರು ಇನ್ನು ಕೆಲವರು. ಭಾನುವಾರ ಚರ್ಚಿನಲ್ಲಿ ಪಾದ್ರಿಯ ಹೆಂಡತಿ ಅವಳ ಕೈ ಹಿಡಿದು "ಆಸೆ ಅನ್ನೋದು ಎಲ್ಲರಿಗೂ ಇರುತ್ತೆ ಲಿಯೋಟ, ನಾವು ಪ್ರಾರ್ಥನೆ ಮಾಡ್ತೀವಿ" ಅಂದಳು. ಬೇಯದ ಪೈಯ ಸೇಡು ಬಡ್ಡಿ ಸಮೇತ ತೀರಿತು. 

ವೆಲ್ಡನ್ ಮಾತ್ರ ಒಂದು ಮಾತೂ ಕೇಳಲಿಲ್ಲ. ಏಪ್ರಿಲ್‌ನಲ್ಲಿ ತೊಂಬತ್ತು ಹಸುಗಳನ್ನೂ ಹರಾಜಿಗೆ ಹೊಡೆಸಿದ. ಹರಾಜಿಗೆ ಹೋಗುವ ದಾರಿಯಲ್ಲಿ, ಟ್ರಕ್ಕಿನೊಳಗೆ, ಅವಳು ಬಾಯಿ ತೆರೆದಳು.

"ವೆಲ್ಡನ್, ಆ ಲೆಕ್ಕದಲ್ಲಿ ಒಂದು ವಿಷಯ..."

"ಬೇಡ. ನಾನು ಕೇಳಿದ್ನಾ? ನೀನು ಹೇಳ್ಲೂಬೇಡ." ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನನ್ನ ಕಟ್ಕೊಂಡು ಇಷ್ಟು ವರ್ಷ ಏನು ಸುಖ ಕಂಡೆ? ಏನೋ ಬೇಕಾಗಿತ್ತು, ತಗೊಂಡೆ. ದನ ಮಾರಿದ್ರೆ ಒಂದಿಷ್ಟು ದುಡ್ಡು ಕೈಗೆ ಬರುತ್ತೆ. ನೀನು ಕೈ ಹಿಡಿದು ಖರ್ಚು ಮಾಡೋದು ಬೇಡ."

ಮಾಡದ ತಪ್ಪಿಗೆ ಕ್ಷಮೆ ಸಿಕ್ಕರೆ ಮೈ ಹೇಗೆ ಉರಿಯುತ್ತದೆಂದು ಅವಳಿಗೆ ಅವತ್ತು ಗೊತ್ತಾಯಿತು. ಆದರೂ ಬಾಯಿ ಬಿಡಲಿಲ್ಲ. ಅವಳಿಗಾಗಿ ತನ್ನ ಪ್ರಾಣವನ್ನೇ ಮಾರಲು ಹೊರಟವನಿಗೆ, ಅದು ಮೂರು ಕಾಸಿನದೆಂದು ಹೇಗೆ ಹೇಳುವುದು? ಹರಾಜುದಾರ "ವೆಲ್ಡನ್ ಕ್ರೋಕರ್ ಸಾಕಿದ ದನ, ಕಣ್ಣು ಮುಚ್ಚಿಕೊಂಡು ತಗೊಳ್ಳಿ" ಎಂದು ಕೂಗಿದ. ವೆಲ್ಡನ್ ಟೋಪಿಯನ್ನು ಹಣೆಯವರೆಗೆ ಎಳೆದುಕೊಂಡ.

ಮುಂದಿನ ಜನವರಿಯಲ್ಲಿ ಹೊಸ ಚಕ್ರ ಬಂತು. ಏಪ್ರಿಲ್‌ನಿಂದ ದನವಿಲ್ಲ, ಹಿಂಡಿಯಿಲ್ಲ, ಕೆಂಪು ಅರ್ಧಕ್ಕರ್ಧ ಕುಗ್ಗಿತ್ತು. ವೆಲ್ಡನ್ ಅದನ್ನು ಎರಡು ಕೈಯಲ್ಲೂ ಎತ್ತಿ ಹಿಡಿದ.

"ನಾನು ಬಾಯಿ ಬಿಟ್ಟು ಹೇಳ್ದೇನೇ ಇಷ್ಟು ಹಿಡಿತ ಮಾಡ್ದೆಯಲ್ಲೇ! ಸಂಘದಲ್ಲಿ ಎಲ್ರಿಗೂ ತೋರಿಸ್ತೀನಿ."

ತೋರಿಸಿದ. ಸಂಜೆಗೆ ನಗುನಗುತ್ತಾ ಬಂದು, ಅವಳು ಉಳಿಸಿದ ದುಡ್ಡಿನಲ್ಲೇ ಮೂವತ್ತು ಕಡಸು ಕೊಂಡೆ ಎಂದ.

ಲಿಯೋಟ ತೊಳೆಯುತ್ತಿದ್ದ ಪಾತ್ರೆಯನ್ನು ಕುಕ್ಕಿದಳು. ಮೂವತ್ತು ವರ್ಷ ನುಂಗಿದ್ದೆಲ್ಲ ಹೊರಬಂತು.

"ಅದು ಹಿಂಡಿ ಮಾರಾಯ! ನಿನ್ನ ದನದ ಹಿಂಡಿ! ನಾನು ಒಂದು ಕೋಟು ತಗೊಂಡಿಲ್ಲ, ಒಂದು ಉಂಗುರ ತಗೊಂಡಿಲ್ಲ. ನಿನ್ನ ಅಪ್ಪನ ಬಾಯಿಗೆ ಹೆದರಿ ಎಲ್ಲಾ ಮನೆ ಖರ್ಚು ಅಂತ ಬರ್ದೆ. ಒಂದು ವರ್ಷಾನೂ ನಿನ್ನ ದನ ನಮಗೆ ಅನ್ನ ಹಾಕಿಲ್ಲ, ನಾವೇ ಅವಕ್ಕೆ ಹಾಕಿದ್ದು!"

 ಸಂಘದ ಚೀಟಿಗಳು ಎಲ್ಲಿ ಎಂದ ವೆಲ್ಡನ್. ವರ್ಷ ಕಳೆದ ಚೀಟಿಗಳನ್ನು ಅವಳು ಹಿತ್ತಲ ಪೀಪಾಯಿಯಲ್ಲಿ ಸುಟ್ಟುಬಿಡುತ್ತಿದ್ದಳು. ಆ ಊರಲ್ಲಿ ಎಲ್ಲರೂ ಹಾಗೇ ಮಾಡುವುದು. ಅವನು ಎದ್ದು ಹೋಗಿ, ಬಾಳಿನಲ್ಲಿ ಮೊದಲ ಸಲ, ಹಳೆಯ ಪುಸ್ತಕಗಳನ್ನು ಬಿಡಿಸಿದ. ಪುಟದಿಂದ ಪುಟಕ್ಕೆ ಅವಳದೇ ದುಂಡಗಿನ ಅಕ್ಷರ: ಮನೆ, ಮನೆ, ಮನೆ. ಅವನು ಪುಸ್ತಕ ಮುಚ್ಚಿ, ಅವಳ ಒದ್ದೆ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡ.

"ಹೋಗ್ಲಿ ಬಿಡು. ನಾನೇನೂ ಅಂದಿಲ್ವಲ್ಲ" ಎಂದ.

ಆ ವರ್ಷ ಲಿಯೋಟ ಹಟ ಹಿಡಿದಳು. ಸಂಘದ ಬಿಲ್ಲು ಬಂದ ದಿನವೇ ಕಂಪ್ಯೂಟರಿನ ಮುಂದೆ ಕೂತು, ಹಿಂಡಿಯ ಒಂದೊಂದು ಡಾಲರನ್ನೂ ದನದ ಲೆಕ್ಕಕ್ಕೆ ಹಾಕಿದಳು. ಚೀಟಿಗಳನ್ನು ಬೂಟಿನ ಡಬ್ಬಿಯಲ್ಲಿ ಜೋಡಿಸಿಟ್ಟಳು. ಜನವರಿಯಲ್ಲಿ ಚಕ್ರ ಮುದ್ರಿಸಿ, ಅದನ್ನೂ ಡಬ್ಬಿಯನ್ನೂ ಅವನ ಕಾಫಿ ಲೋಟದ ಪಕ್ಕ ಇಟ್ಟಳು. ಮನೆ ಖರ್ಚು ಎಳೆಯಷ್ಟು ತೆಳು. ದನದ ಹೋಳು ಚಕ್ರವನ್ನು ಅರ್ಧ ನುಂಗಿತ್ತು.

ವೆಲ್ಡನ್ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. ಡಬ್ಬಿಯ ಮುಚ್ಚಳ ತೆಗೆಯಲಿಲ್ಲ, ಮೆಲ್ಲಗೆ ಅವಳ ಕಡೆಗೇ ತಳ್ಳಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

"ಲಿಯೋಟ," ಅಂದ, ಜ್ವರ ಬಂದ ಮಗುವನ್ನು ಮಾತಾಡಿಸುವ ದನಿಯಲ್ಲಿ. "ಏನು ಬೇಕೋ ತಗೋ, ನಾನು ಬೇಡ ಅನ್ನಲ್ಲ. ಆದ್ರೆ ಅದನ್ನ ತಗೊಂಡೋಗಿ ದನದ ಲೆಕ್ಕಕ್ಕೆ ಬರೀಬೇಡ ಕಣೇ. ಪಾಪ, ಅವು ಏನು ಮಾಡಿದ್ವು?"