ಹರಿದ ಬಿಲ್ವಪತ್ರೆ ಮತ್ತು ಪೂರಾ ದೇವರು

ನೀವು ನಂಬುವುದಿಲ್ಲ, ಬಿಡಿ. ಗಡಹಿಂಗ್ಲಜದ ನಮ್ಮ ಓಣಿಯಲ್ಲೂ ಯಾರೂ ನಂಬಿಲ್ಲ. ಲಿಂಗಾಯತರ ಮನೆಯ ಹತ್ತನೇ ಕ್ಲಾಸಿನ ಹುಡುಗಿಯಾದ ನಾನು, ಒಂದು ಸೋಮವಾರ ಬೆಳಿಗ್ಗೆ, ಪಾಸ್ಟರ್ ಒಬ್ಬರಿಗೆ ತ್ರಿಯೇಕ ದೇವರ ಪಾಠ ಹೇಳಲು ಹೊರಟಿದ್ದೆ.

ಪಕ್ಕದ ಮನೆಯ ಗೆಳತಿಗೆ ಬರುವ ರವಿವಾರ ದೀಕ್ಷಾಸ್ನಾನ. ಅದಕ್ಕೂ ಮೊದಲು ಪಾಸ್ಟರ್ ಅವಳ ಮನೆಗೇ ಬಂದು ಪ್ರಶ್ನೆ ಕೇಳುವವರಿದ್ದರು. ತಿಳಿದು ಹೇಳದಿದ್ದರೆ ಮುಂದಿನ ವರ್ಷದವರೆಗೆ ಕಾಯಬೇಕು. ತಂದೆ, ಮಗ, ಪವಿತ್ರಾತ್ಮ ಎಂದು ಮೂವರಿದ್ದರೂ ದೇವರು ಒಬ್ಬನೇ ಹೇಗೆ ಎಂಬಲ್ಲಿ ಸಿಕ್ಕಿಬಿದ್ದು ಅವಳು ಮೂರು ದಿನ ಊಟ ಬಿಟ್ಟಿದ್ದಳು. ಸರಿ, ಒಂದು ಹೊತ್ತು ಬಿಟ್ಟಿದ್ದಳು.

ನಾನು ಅವ್ವನ ಪೂಜೆಯ ಬುಟ್ಟಿಯಲ್ಲಿ ಉಳಿದಿದ್ದ ಒಂದೇ ಒಂದು ಬಿಲ್ವಪತ್ರೆ ಎತ್ತಿಕೊಂಡು ಅವಳಲ್ಲಿಗೆ ಓಡಿದೆ. ಎಸಳು ಮೂರು, ಎಲೆ ಒಂದೇ. ಇಷ್ಟು ಹೇಳು, ಸಾಕು ಎಂದೆ.

ಪಾಸ್ಟರ್ ಬಂದು ಕೂತರು. ಅವಳು ಎಲೆ ಹಿಡಿದು ನಾನು ಹೇಳಿಕೊಟ್ಟದ್ದನ್ನು ಒಪ್ಪಿಸಿದಳು. ಅವರ ಕನ್ನಡಕ ಮೂಗಿನ ತುದಿಗೆ ಜಾರಿತು, ಮೀಸೆ ನೆಟ್ಟಗೆ ನಿಂತಿತು. ಇದು ಯಾರ ಕೆಲಸ ಎಂದು ತಿಳಿಯಲು ಅವರಿಗೆ ನನ್ನ ಮುಖ ನೋಡಿದ್ದೇ ಸಾಕಾಯಿತು.

"ಒಂದು ಎಸಳು ಹರಿ, ತಂಗಿ."

ಅವಳ ಕೈಯಿಂದ ಎಲೆ ತೆಗೆದುಕೊಂಡು ಹರಿದೆ.

"ಈಗ ಇದನ್ನ ನಿಮ್ಮವ್ವ ಲಿಂಗಕ್ಕ ಏರಸ್ತಾರೇನು?"

"ಇಲ್ರಿ. ಹರದ ಪತ್ರಿ ನಡ್ಯಂಗಿಲ್ಲ."

"ಹಂಗಾರ ಒಂದ ಎಸಳು ಪೂರಾ ಪತ್ರಿ ಅಲ್ಲ. ಶಿಲುಬಿ ಮ್ಯಾಲೆ ಸತ್ತಾಂವ ದೇವರೊಳಗಿನ ಒಂದ ಎಸಳಷ್ಟ ಇದ್ರ, ನಿನ್ನ ಗೆಳತಿನ್ನ ಅಂವ ಎಷ್ಟು ಉಳಸ್ಯಾನು?"

ಹರಿದ ಎಸಳನ್ನು ಮತ್ತೆ ತೊಟ್ಟಿಗೆ ಅಂಟಿಸಲು ನೋಡಿದೆ. ಗೆಳತಿಯ ರಕ್ಷಣೆಯನ್ನೇ ನಾನು ಮೂರರಲ್ಲೊಂದು ಪಾಲಿಗೆ ಇಳಿಸಿಬಿಟ್ಟಿದ್ದೆ.

ಆಗ ಅವಳೇ ನಿಧಾನವಾಗಿ ಮಾತಾಡಿದಳು. "ಮಗಾ ಅಂದ್ರ ತುಂಡ ಅಲ್ರಿ, ಪೂರಾ ದೇವ್ರು. ತಂದೀನೂ ಪೂರಾ, ಆತ್ಮಾನೂ ಪೂರಾ. ಆದ್ರೂ ದೇವ್ರು ಒಬ್ಬಾವನ. ಪೂರಾ ದೇವ್ರ ಬಂದಾನ ಅಂತ ನಾನೂ ಪೂರಾ ಉಳದೇನಿ. ಅದು ಹೆಂಗಂತ ಮಾತ್ರ ತಿಳ್ಯವಲ್ದು."

"ನನಗೂ ಅಷ್ಟ ತಿಳದೈತಿ," ಎಂದರು ಪಾಸ್ಟರ್. "ರವಿವಾರ ಬಾ."

ಗೆದ್ದೆವು! ಈ ಉತ್ತರ ಹುಟ್ಟಿದ್ದು ನನ್ನ ಎಲೆಯಿಂದಲೇ ಎಂದು ಹೇಳಲು ಎದ್ದು ನಿಂತೆ. ಬಾಗಿಲಲ್ಲಿ ಅವ್ವ, ಕೈಯಲ್ಲಿ ಖಾಲಿ ಬುಟ್ಟಿ. ನನ್ನ ಒಂದು ಕೈಯಲ್ಲಿ ಎರಡು ಎಸಳು, ಇನ್ನೊಂದರಲ್ಲಿ ಒಂದು.

"ನಡಿ ಮನಿಗೆ," ಎಂದಳು.