ರವಿ ಕದ್ದ ಕಂಪ್ರೆಸರ್

ಮೂಡಿಗೆರೆಯಿಂದ ಕೊಟ್ಟಿಗೆಹಾರದವರೆಗೆ ಅಂಗಡಿಗಳ ಫ್ರಿಜ್ಜು, ಏಸಿ ಕೆಟ್ಟರೆ ಕರೆಯುತ್ತಿದ್ದುದು ಬಣಕಲ್‌ನ ರವಿಯನ್ನೇ. ಎಸ್ಟೇಟ್ ಕೂಲಿ ಭಾಗಮ್ಮನ ಮಗ, ಕೂಲಿಗಳ ಲೈನ್ ಮನೆಯಲ್ಲೇ ಬೆಳೆದವನು. ಮಂಗಳೂರಿನ ವರ್ಕ್‌ಶಾಪೊಂದರಲ್ಲಿ ಆರು ವರ್ಷ ಬೈಸಿಕೊಂಡು ಕೆಲಸ ಕಲಿತವನು. ಇವನ ಕೆಲಸ ಬೇಕು, ಕುಡಿಯಲು ನೀರು ಕೇಳಿದರೆ ಮಾತ್ರ ಹಿತ್ತಲ ಬಾಗಿಲಿಗೆ ಬಾ ಅನ್ನುವ ಜನ. ಹಾಳಾಗಿ ಹೋಗಲಿ, ಅದನ್ನೂ ನುಂಗಿಕೊಂಡಿದ್ದ.

ತೊಂಬತ್ತೊಂಬತ್ತರ ಜುಲೈನಲ್ಲಿ ನುಂಗಲಾಗದ ಮಾತು ಬಂತು. ಕಾಫಿ ಪ್ಲಾಂಟರ್ ಶಾಂತವೀರಪ್ಪನವರು ಮೂಡಿಗೆರೆಯ ತಮ್ಮ ಮನೆಯ ಮುಂಭಾಗದಲ್ಲೇ ಫೋಟೋ ತೊಳೆಯುವ ಕಲರ್ ಲ್ಯಾಬ್ ಇಟ್ಟಿದ್ದರು. ಫೋಟೋ ಪೇಪರಿಗೆ ತೇವ ಆಗದು, ಅದಕ್ಕೇ ಮಳೆಗಾಲದಲ್ಲೂ ಏಸಿ ಓಡಲೇಬೇಕು. ಮಳೆ ಹಿಡಿದಾಗಿನಿಂದ ಅದು ದಿನಾ ಬೆಳಿಗ್ಗೆ ಹನ್ನೊಂದಕ್ಕೆ ನಿಲ್ಲತೊಡಗಿತು. ಮೇ ತಿಂಗಳಲ್ಲಿ ಅದನ್ನು ಬಿಚ್ಚಿ ತೊಳೆದವನು ರವಿ. ಇನ್ನೇನು ಬೇಕು! ಎದುರಿನ ಬೇಕರಿಯಲ್ಲಿ ಟೀ ಕುಡಿಯುತ್ತಾ ಶಾಂತವೀರಪ್ಪನವರು ತೀರ್ಪು ಕೊಟ್ಟೇಬಿಟ್ಟರು: "ಲೈನ್ ಮನೆ ಬುದ್ಧಿ ಎಲ್ಲಿಗೆ ಹೋಗ್ತದೆ ಮಾರಾಯ? ಒಳ್ಳೆ ಕಂಪ್ರೆಸರ್ ಕದ್ದು ಹಳೇದು ಹಾಕಿದಾನೆ."

ವಾರದೊಳಗೆ ಔಷಧಿ ಅಂಗಡಿಯವರು "ಸದ್ಯಕ್ಕೆ ಬೇಡ" ಅಂದರು. ಬಾರಿನವರು ಮುಖ ತಿರುಗಿಸಿದರು. ಹತ್ತು ವರ್ಷದ ಪರಿಚಯದ, ಅದೇ ಎದುರು ಬೇಕರಿಯ ತಿಮ್ಮಪ್ಪ ಕೂಡ, ಫ್ರೀಜರ್ ಕೆಟ್ಟಾಗ, ಹಾಸನದಿಂದ ಬೇರೆಯವನನ್ನು ಕರೆಸುತ್ತೇನೆ ಅಂದ. ಕಳ್ಳನೆಂಬ ಹೆಸರು ಕಳಚದಿದ್ದರೆ ಈ ರಸ್ತೆಯಲ್ಲಿ ರವಿಯ ಕಸುಬು ಮುಗಿದಂತೆಯೇ.

ಮೈಯೆಲ್ಲ ಉರಿದುಹೋಯಿತು ಅವನಿಗೆ. ಮರುದಿನ ಹನ್ನೊಂದಕ್ಕೆ ಸರಿಯಾಗಿ, ಕರೆಯದೆಯೇ, ಮುಂಬಾಗಿಲಿನಿಂದಲೇ ಲ್ಯಾಬಿಗೆ ನುಗ್ಗಿದ.

"ಯಾರು ಕರೆದಿದ್ದು ನಿನ್ನ?" ಶಾಂತವೀರಪ್ಪನವರು ಗದರಿದರು.

"ಕದ್ದ ಮಾಲು ತೋರಿಸೋಕೆ ಬಂದೆ," ಅಂದವನೇ ಏಸಿಯ ಬೆನ್ನು ಚಾಚಿಕೊಂಡಿದ್ದ ಪಕ್ಕದ ಅಂಗಳಕ್ಕೆ ನಡೆದ. ಅವರೂ ಬೈಯುತ್ತಾ ಹಿಂದೆಯೇ ಬಂದರು.

ಬಿಸಿ ಗಾಳಿ ಹೊರಬರುವ ಜಾಗದಲ್ಲಿ ಒಂದು ಬೆರಳು ತೂರಲೂ ಸಂದಿಲ್ಲ. ಮಳೆಗೆಂದು ಹಾಕಿದ್ದ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಮನೆಯ ಒದ್ದೆ ಬಟ್ಟೆಗಳನ್ನೆಲ್ಲ ಒತ್ತಿ ಕಟ್ಟಲಾಗಿತ್ತು. ಯಜಮಾನರ ತಾಯಿ ರುಕ್ಮಿಣಮ್ಮ ಅಲ್ಲೇ ಇನ್ನೊಂದು ಟವೆಲ್ ಹಿಂಡುತ್ತಿದ್ದರು.

"ಈ ಮಳೇಲಿ ಬಟ್ಟೆ ಎಲ್ಲಿ ಒಣಗ್ತದಪ್ಪ? ಇಲ್ಲಿ ಒಳ್ಳೆ ಬಿಸಿ ಗಾಳಿ ಬರ್ತದೆ. ಹತ್ತಕ್ಕೆ ಕಟ್ಟಿದ್ರೆ ಹನ್ನೊಂದಕ್ಕೆ ನಿಂತು ಹೋಗ್ತದೆ, ಅದೊಂದೇ ಬೇಜಾರು."

"ಅಮ್ಮ, ನೀವು ಒಳಗೆ ಹೋಗಿ," ಅಂದರು ಶಾಂತವೀರಪ್ಪನವರು.

ರವಿ ಬಟ್ಟೆಗಳನ್ನೆಲ್ಲ ಕಿತ್ತು, ಬಿಸಿ ಹೊರಹೋಗದೆ ಕಾದು ನಿಂತಿದ್ದ ಯಂತ್ರ ತಣಿದ ಮೇಲೆ ಚಾಲು ಮಾಡಿ, ಎದುರಿಗೇ ಕುರ್ಚಿ ಎಳೆದುಕೊಂಡು ಕೂತ. ಮಧ್ಯಾಹ್ನ ಎರಡಾದರೂ ಏಸಿ ನಿಲ್ಲಲಿಲ್ಲ.

"ಆಯ್ತು, ಹೋಗು ಇನ್ನು," ಅಂದರು ಅವರು.

"ಬೇಕರೀಲಿ ಆಡಿದ ಮಾತು ಬೇಕರೀಲೇ ವಾಪಸ್ ತಗೊಳ್ಳಿ."

"ನಿನ್ನಂಥವನ ಹತ್ರ ನಾನು ತಪ್ಪಾಯ್ತು ಅನ್ಬೇಕಾ?"

ರವಿ ಬಟ್ಟೆಗಳನ್ನು ಬಾಚಿಕೊಂಡು, ರಸ್ತೆ ದಾಟಿ, ಜನ ತುಂಬಿದ್ದ ಬೇಕರಿಯ ಗಾಜಿನ ಕಪಾಟಿನ ಮೇಲೆ ಹರಡಿದ. ಎರಡು ಪಂಚೆ, ಮೂರು ಬನಿಯನ್, ಊರಿಗೆಲ್ಲ ಗುರುತಿದ್ದ ಶಾಂತವೀರಪ್ಪನವರ ಕೆಂಪು ಮಂಕಿ ಕ್ಯಾಪು.

"ನೋಡಿ ತಿಮ್ಮಪ್ಪಣ್ಣ, ನಾನು ಕದ್ದ ಕಂಪ್ರೆಸರ್. ಇವನ್ನ ಏಸಿ ಮೂಗಿಗೆ ಕಟ್ಟಿ ಒಣಗಿಸ್ತಿದ್ರು."

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಬೇಕರಿಗೆ ಬೇಕರಿಯೇ ನಕ್ಕಿತು. ಲ್ಯಾಬಿನ ಮೆಟ್ಟಿಲವರೆಗೆ ಬಂದಿದ್ದ ಶಾಂತವೀರಪ್ಪನವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

"ನಂಗೊತ್ತಿತ್ತು ಬಿಡು, ನೀನು ಅಂಥವನಲ್ಲ ಅಂತ," ತಿಮ್ಮಪ್ಪ ಹಲ್ಲು ಕಿರಿದ. "ಹಾಗೇ ನಮ್ಮ ಫ್ರೀಜರ್ ಒಂಚೂರು ನೋಡ್ಬಿಡು ರವಿ. ಹಾಸನದವನು ಬರ್ಲೇ ಇಲ್ಲ, ಐಸ್‌ಕ್ರೀಮೆಲ್ಲ ಕರಗ್ತಾ ಇದೆ."

"ನಾಳೆ ನೋಡ್ತೀನಿ," ಅಂದ ರವಿ. "ಇವತ್ತು ಕರಗ್ಲಿ."